ಕೊಕ್ಕೆಹುಳುವಿನ ಕಥೆ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ನಾಯಿಯ ಹೊಟ್ಟೆಯ ಹುಳುಗಳನ್ನು ಕುರಿತು ಮಾತನಾಡಲು ಹೊರಟದ್ದು ಕೇಳುಗರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಪಂಪ ರನ್ನರನ್ನು ಬಿಟ್ಟು ಇದೆಲ್ಲಿಗೆ ಇಳಿದಿರಿ ಎಂದು ನನ್ನ ಹಳೆಯ ಶಿಷ್ಯರೊಬ್ಬರು ಆಗಲೇ ಕೇಳಿದ್ದಾರೆ. ನಾನು ಈ ವಿಷಯಕ್ಕೆ ಬಂದದ್ದು ಪಾಂಡಿತ್ಯದಿಂದಲ್ಲ, ಒಂದು ತಪ್ಪಿನಿಂದ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಚರಿತ್ರೆ ಅದರ ಹಿಂದೆ ಬರಲಿ.

2017ರ ಮಳೆಗಾಲ. ನಾನು ನಿವೃತ್ತನಾಗಿ ಒಂದು ವರ್ಷವಾಗಿತ್ತು. ಮೈಸೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯದೂ ಅಲ್ಲದ, ಎಲ್ಲರ ಮನೆಯ ಅನ್ನವನ್ನೂ ಉಂಡ ಒಂದು ಹೆಣ್ಣುನಾಯಿ ಇತ್ತು. ನನ್ನ ಮೊಮ್ಮಗಳು ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದಳು. ಅದು ನಮ್ಮ ಹಿತ್ತಲಿನ ಸೌದೆಯ ಕೊಟ್ಟಿಗೆಯಲ್ಲಿ ಆರು ಮರಿ ಹಾಕಿತು. ಎರಡು ವಾರ ಮರಿಗಳು ಗುಂಡುಗುಂಡಾಗಿ ಬೆಳೆದವು. ಮೂರನೆಯ ವಾರ ಒಂದೊಂದಾಗಿ ಸೊರಗಿ, ಹಾಲು ಕುಡಿಯುವುದನ್ನು ಬಿಟ್ಟು, ಐದು ದಿನಗಳಲ್ಲಿ ಆರೂ ಸತ್ತವು. ಅವುಗಳ ಮಲ ಡಾಂಬರಿನಂತೆ ಕಪ್ಪಾಗಿತ್ತು. ಇದು ವಿಷವೇ ಸರಿ ಎಂದು ನಾನು ತೀರ್ಮಾನಿಸಿದೆ. ಪಕ್ಕದ ಮನೆಯವರು ಕೆಂಪಿ ರಾತ್ರಿ ಬೊಗಳುತ್ತದೆಂದು ಎರಡು ಮೂರು ಸಲ ಬೇಸರಪಟ್ಟುಕೊಂಡಿದ್ದರು. ನಾನು ಅವರ ಗೇಟಿನ ಮುಂದೆ ನಿಂತು, "ಮರಿಗಳಿಗೆ ಏನಾದರೂ ಹಾಕಿದಿರಾ ಸ್ವಾಮಿ?" ಎಂದು ಕೇಳಿದೆ. ಅವರು ನನ್ನ ಮುಖವನ್ನೇ ಕೊಂಚ ಹೊತ್ತು ನೋಡಿ, "ಮೇಷ್ಟ್ರೇ, ಈ ಮಾತು ನಿಮ್ಮ ಬಾಯಲ್ಲಿ ಬರಬಾರದಾಗಿತ್ತು" ಎಂದು ಒಳಗೆ ಹೋದರು. ಇಪ್ಪತ್ತು ವರ್ಷಗಳ ನೆರೆಹೊರೆ ಅಲ್ಲಿಗೆ ಮುಗಿಯಿತು.

2018ರ ಫೆಬ್ರವರಿಯಲ್ಲಿ ಕೆಂಪಿ ಮತ್ತೆ ಮರಿ ಹಾಕಿತು. ಈ ಸಲ ನಾನು ಎಚ್ಚರದಿಂದಿದ್ದೆ. ಕಾರಿನ ಶೆಡ್ಡನ್ನು ತೊಳೆಸಿ, ಒಣಗಿದ ಸಿಮೆಂಟು ನೆಲದ ಮೇಲೆ ಹೊಸ ಗೋಣಿಚೀಲ ಹಾಸಿ, ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ಪಕ್ಕದ ಮನೆಯವರು ಮಗಳ ಬಾಣಂತನಕ್ಕೆಂದು ದಂಪತಿಗಳಿಬ್ಬರೂ ಶಿವಮೊಗ್ಗಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಮೂರನೆಯ ವಾರ ಬಂತು. ಮರಿಗಳು ಮತ್ತೆ ಸೊರಗಿದವು. ಸತ್ತ ಒಂದು ಮರಿಯನ್ನೂ ಉಸಿರಿದ್ದ ಎರಡನ್ನೂ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ಅಲ್ಲಿದ್ದ ವೈದ್ಯೆ ನನ್ನ ಮಗಳಿಗಿಂತ ಚಿಕ್ಕವರು. ಬದುಕಿದ್ದ ಮರಿಯ ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದರು. ವಸಡು ಸುಣ್ಣದಂತೆ ಬಿಳುಪಾಗಿತ್ತು. ಸತ್ತ ಮರಿಯ ಕರುಳನ್ನು ಬಿಡಿಸಿ ತೋರಿಸಿದರು. ಅರ್ಧ ಅಂಗುಲದಷ್ಟು ಉದ್ದದ, ನೂಲಿನಂಥ ಕೆಂಬಣ್ಣದ ಹುಳುಗಳು ಕರುಳಿನ ಗೋಡೆಯನ್ನು ಕಚ್ಚಿಕೊಂಡಿದ್ದವು.

"ಕೊಕ್ಕೆಹುಳು ಸರ್. ಮೈಯಲ್ಲಿ ರಕ್ತವೇ ಉಳಿದಿಲ್ಲ" ಎಂದರು.

"ಮಣ್ಣನ್ನೇ ಮುಟ್ಟದ ಮರಿಗಳಿಗೆ ಹುಳು ಎಲ್ಲಿಂದ ಬಂತಮ್ಮ?"

"ತಾಯಿಯ ಹಾಲಿನಿಂದ."

ತಾಯಿಯ ಹಾಲನ್ನು ನೆನೆಯುವ ಬಸವಣ್ಣನವರ ವಚನವೊಂದನ್ನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಅದನ್ನು ಉಪಮೆ ಎಂದೇ ವಿವರಿಸುತ್ತಿದ್ದೆ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಉಪಮೆಯ ಮಾತು ನೆನಪಿಗೆ ಬರಲಿಲ್ಲ. ಗೇಟಿನ ಬಳಿ ನಾನು ಆಡಿದ ಮಾತು ನೆನಪಿಗೆ ಬಂತು. ಈ ಹುಳುವಿನ ವಿಷಯವನ್ನು ಮನುಷ್ಯ ಹೇಗೆ ತಿಳಿದುಕೊಂಡ ಎಂಬುದನ್ನು ಓದಲು ತೊಡಗಿದ್ದು ಆಮೇಲೆ.

ಮೊದಲು ಹೆಸರಿನ ಮಾತು. ಭಾಷೆಯವನಿಗೆ ಅದೇ ಹತ್ತಿರದ ದಾರಿ. 1782ರಲ್ಲಿ ಜರ್ಮನಿಯ ಗೋಯ್‌ಜ಼ ಎಂಬ ಪಾದ್ರಿ ಬಿಲಗರಡಿ ಎಂಬ ಕಾಡುಪ್ರಾಣಿಯ ಕರುಳಿನಲ್ಲಿ ಈ ಜಾತಿಯ ಹುಳುಗಳನ್ನು ಕಂಡ. 1789ರಲ್ಲಿ ಫ್ರೋಲಿಖ್ ಎಂಬಾತ ನರಿಯಲ್ಲಿ ಕಂಡು, ಕೊಕ್ಕೆಹುಳು ಎಂಬ ಅರ್ಥದ ಜರ್ಮನ್ ಹೆಸರನ್ನಿಟ್ಟ. ನಾವೆಲ್ಲ ಕೊಕ್ಕೆ ಎಂದರೆ ಕಚ್ಚುವ ಬಾಯಿ ಎಂದು ತಿಳಿಯುತ್ತೇವೆ. ಅವನು ಕೊಕ್ಕೆ ಎಂದದ್ದು ಗಂಡುಹುಳುವಿನ ಬಾಲದ ತುದಿಯನ್ನು ನೋಡಿ. ಮುಂದೆ ಬಂದ ಶಾಸ್ತ್ರೀಯ ನಾಮ ಆಂಕಿಲೋಸ್ಟೋಮ. ಗ್ರೀಕಿನಲ್ಲಿ ಬಾಗಿದ ಬಾಯಿ ಎಂದರ್ಥ. ಅದರ ಮೊದಲ ಭಾಗವೂ ನಮ್ಮ 'ಅಂಕುಶ'ವೂ ಒಂದೇ ಮೂಲಧಾತುವಿನಿಂದ ಹೊರಟವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆನೆಯನ್ನು ಮಣಿಸುವ ಅಂಕುಶಕ್ಕೂ ಮರಿಯನ್ನು ಕೊಲ್ಲುವ ಹುಳುವಿಗೂ ಹೀಗೊಂದು ನಂಟು. ನಾಯಿಯ ಕೊಕ್ಕೆಹುಳುವಿಗೆ 1859ರಲ್ಲಿ ಇಟಲಿಯ ಎರ್ಕೊಲಾನಿ ನಾಯಿಯ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದ. ಆ ಹುಳುವಿನ ಬಾಯಲ್ಲಿ ಮೂರು ಜೊತೆ ಹಲ್ಲುಗಳಿವೆ.

ಮನುಷ್ಯರ ಕೊಕ್ಕೆಹುಳು ಕಣ್ಣಿಗೆ ಬಿದ್ದದ್ದು 1838ರಲ್ಲಿ. ಮಿಲಾನ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡ ರೈತ ಹೆಂಗಸೊಬ್ಬಳ ಶವಪರೀಕ್ಷೆ ಮಾಡುತ್ತಿದ್ದ ಡುಬಿನಿ ಅದನ್ನು ಕಂಡ. ಮತ್ತೆ ಮತ್ತೆ ನೋಡಿ ಖಚಿತಪಡಿಸಿಕೊಂಡು 1843ರಲ್ಲಿ ಪ್ರಕಟಿಸಿದ. ಹುಳು ಕಂಡಿತು, ಅದು ರೋಗಕ್ಕೆ ಕಾರಣವೆಂಬುದು ಕಾಣಲಿಲ್ಲ. 1854ರಲ್ಲಿ ಕೈರೋದಲ್ಲಿ ಗ್ರೀಸಿಂಗರ್ ಎಂಬ ಜರ್ಮನ್ ವೈದ್ಯ ಈಜಿಪ್ಟಿನ ಬಡವರನ್ನು ಬಿಳಿಚಿಸಿ ಕೊಲ್ಲುತ್ತಿದ್ದ ರಕ್ತಹೀನತೆಗೆ ಈ ಹುಳುವೇ ಕಾರಣವೆಂದ. ಬಹುಮಂದಿ ನಂಬಲಿಲ್ಲ. ಅರ್ಧ ಅಂಗುಲದ ಹುಳು ಆರಡಿ ಆಳನ್ನು ಕೊಲ್ಲುವುದೆಂದರೇನು?

ನಂಬಿಸಿದ್ದು ಒಂದು ಸುರಂಗ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದ ಕೆಳಗೆ ಸೇಂಟ್ ಗೊಟಾರ್ಡ್ ರೈಲು ಸುರಂಗವನ್ನು 1872ರಲ್ಲಿ ಕೊರೆಯತೊಡಗಿದರು. ಹದಿನೈದು ಕಿಲೋಮೀಟರಿನ ಆ ಕತ್ತಲೆಯಲ್ಲಿ ಸೆಕೆ, ತೇವ, ಕೆಸರು. ಸಾವಿರಾರು ಕೂಲಿಗಳಿಗೆ ಶೌಚದ ವ್ಯವಸ್ಥೆ ಇಲ್ಲ. ಹುಳುವಿಗೆ ಬೇಕಾದ್ದೆಲ್ಲ ಅಲ್ಲಿತ್ತು. 1880ರ ಸುಮಾರಿಗೆ ಇಟಲಿಯಿಂದ ಬಂದಿದ್ದ ಕಾರ್ಮಿಕರು ಬಿಳಿಚಿಕೊಂಡು ಬೀಳತೊಡಗಿದರು. ಸುರಂಗದ ಕೆಟ್ಟ ಗಾಳಿಯೇ ಕಾರಣವೆಂದು ಹೇಳಿದವರಿದ್ದರು. ಕಾರ್ಮಿಕರ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಳುವಿನ ಮೊಟ್ಟೆಗಳನ್ನು ಎಣಿಸಿ, ರೋಗದ ಮೂಲವನ್ನು ತೋರಿಸಿದವರಲ್ಲಿ ಮುಖ್ಯನಾದವನು ಟ್ಯೂರಿನ್ನಿನ ಎಡೊಆರ್ಡೊ ಪೆರೊಂಚಿತೊ. ಅವನು ಪಶುವೈದ್ಯ. ಪ್ರಾಣಿಗಳ ಹೊಟ್ಟೆಯನ್ನು ಬಲ್ಲವನಿಗೆ ಮನುಷ್ಯರ ಹೊಟ್ಟೆಯ ಗುಟ್ಟು ಬೇಗ ತಿಳಿಯಿತೆಂಬುದನ್ನು ನಾವು ಗಮನಿಸಬೇಕು.

ಆದರೂ ಒಂದು ಪ್ರಶ್ನೆ ಉಳಿಯಿತು. ಹುಳು ಮೈಯೊಳಗೆ ಹೋಗುವುದು ಹೇಗೆ? ಬಾಯಿಂದಲೇ, ಕೊಳೆನೀರಿನಿಂದಲೇ ಎಂದು ಎಲ್ಲರೂ ತಿಳಿದಿದ್ದರು. ಕೈರೋದ ವೈದ್ಯಶಾಲೆಯಲ್ಲಿದ್ದ ಆರ್ಥರ್ ಲೂಸ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞ ಒಂದು ದಿನ ಕೆಲಸ ಮಾಡುತ್ತಿರುವಾಗ ಮರಿಹುಳುಗಳಿದ್ದ ನೀರು ಅವನ ಕೈಮೇಲೆ ಚೆಲ್ಲಿತು. ಚರ್ಮ ಉರಿಯಿತು, ಕೆಂಪಾಯಿತು. ಬೇರೊಬ್ಬರಾದರೆ ಕೈ ತೊಳೆದುಕೊಂಡು ಮರೆಯುತ್ತಿದ್ದರು. ಅವನು ಬೇಕೆಂದೇ ಇನ್ನೊಂದು ಹನಿಯನ್ನು ಹಾಕಿಕೊಂಡ. ಕೆಲವು ವಾರಗಳ ಮೇಲೆ ತನ್ನ ಮಲದಲ್ಲೇ ಕೊಕ್ಕೆಹುಳುವಿನ ಮೊಟ್ಟೆಗಳನ್ನು ಕಂಡ. 1898ರಲ್ಲಿ ಇದನ್ನು ಪ್ರಕಟಿಸಿದಾಗ ವಿದ್ವಾಂಸರು ಒಪ್ಪಲಿಲ್ಲ.

ಆಗ ಅವನಿಗೆ ನೆರವಾದದ್ದು ನಾಯಿಗಳು. ನಾಯಿಮರಿಗಳ ಚರ್ಮದ ಮೇಲೆ ಮರಿಹುಳುಗಳನ್ನು ಬಿಟ್ಟು, ಅವುಗಳ ದಾರಿಯನ್ನು ಹೆಜ್ಜೆ ಹೆಜ್ಜೆಗೂ ಹಿಡಿದ. ಚರ್ಮದಿಂದ ರಕ್ತನಾಳಕ್ಕೆ, ಅಲ್ಲಿಂದ ಹೃದಯಕ್ಕೆ, ಹೃದಯದಿಂದ ಶ್ವಾಸಕೋಶಕ್ಕೆ. ಶ್ವಾಸನಾಳದಲ್ಲಿ ಮೇಲೇರಿ ಗಂಟಲಿಗೆ ಬಂದು, ನುಂಗಿದಾಗ ಹೊಟ್ಟೆಗಿಳಿದು, ಕೊನೆಗೆ ಕರುಳು. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವನಿಗೆ ಈ ರೋಗ ಏಕೆ ಬರುತ್ತದೆಂಬುದು ಇದರಿಂದ ತಿಳಿಯಿತು. ಮಲದೊಡನೆ ಬಿದ್ದ ಮೊಟ್ಟೆ ತೇವವಿರುವ ಬೆಚ್ಚನೆಯ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆಯುತ್ತದೆ. ವಾರದೊಳಗೆ ಮರಿಹುಳು ಚರ್ಮವನ್ನು ತೂರಬಲ್ಲ ಶಕ್ತಿ ಪಡೆಯುತ್ತದೆ. ಕಾಲಿಗೆ ಜೋಡು, ಊರಿಗೆ ಪಾಯಖಾನೆ ಎಂಬ ಎರಡು ಮಾತುಗಳಲ್ಲಿ ಅರ್ಧ ಚಿಕಿತ್ಸೆ ಅಡಗಿದೆ. 1909ರಲ್ಲಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆರಂಭಿಸಿದ ಆಂದೋಲನದ ಸಾರವೂ ಇದೇ. 1920ರ ದಶಕದಲ್ಲಿ ಅದೇ ದತ್ತಿಯವರು ಮದ್ರಾಸ್ ಪ್ರಾಂತದಲ್ಲಿಯೂ ಕೆಲಸ ಮಾಡಿದರು.

ಇಷ್ಟಾದರೂ ನನ್ನ ಪ್ರಶ್ನೆಗೆ ಉತ್ತರ ಇದರಲ್ಲಿಲ್ಲ. ಕೆಂಪಿಯ ಮರಿಗಳು ಮಣ್ಣನ್ನು ಮುಟ್ಟಿರಲಿಲ್ಲ. ಆ ಉತ್ತರ ಬಂದದ್ದು ಬಹಳ ತಡವಾಗಿ, 1960ರ ದಶಕದಲ್ಲಿ, ಹೆಣ್ಣುನಾಯಿಯ ಹಾಲಿನಲ್ಲಿಯೇ ಮರಿಹುಳುಗಳನ್ನು ಕಂಡಾಗ. ದೊಡ್ಡ ನಾಯಿಯ ಮೈಯನ್ನು ಹೊಕ್ಕ ಮರಿಹುಳುಗಳೆಲ್ಲ ಕರುಳಿಗೆ ಹೋಗುವುದಿಲ್ಲ. ಕೆಲವು ಮಾಂಸಖಂಡಗಳಲ್ಲಿ ಮಲಗಿಬಿಡುತ್ತವೆ. ತಿಂಗಳು, ವರ್ಷಗಳೇ ಮಲಗಿರಬಹುದು. ನಾಯಿ ಬಸಿರಾಗಿ ಹೆತ್ತಾಗ ಎಚ್ಚರಗೊಂಡು ಕೆಚ್ಚಲಿಗೆ ಬಂದು ಹಾಲಿನೊಡನೆ ಮರಿಗಳ ಹೊಟ್ಟೆ ಸೇರುತ್ತವೆ. ಒಮ್ಮೆ ಸೋಂಕು ತಗುಲಿದ ತಾಯಿ, ಹೊಸ ಸೋಂಕಿಲ್ಲದೆಯೇ, ಒಂದರ ಹಿಂದೊಂದು ಮೂರು ಸೂಲಿನ ಮರಿಗಳಿಗೆ ಅದನ್ನು ದಾಟಿಸಬಲ್ಲದು. ತಾಯಿ ಮಾತ್ರ ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಮರಿಯ ಮೈಯಲ್ಲಿರುವ ರಕ್ತವೇ ಕೊಂಚ. ನೂರಾರು ಹುಳುಗಳು ಕುಡಿಯತೊಡಗಿದರೆ, ಮಲದಲ್ಲಿ ಮೊಟ್ಟೆ ಕಾಣಿಸಿಕೊಳ್ಳುವುದಕ್ಕೆ ಮೊದಲೇ ಪ್ರಾಣ ಹೋಗುತ್ತದೆ. ಕಪ್ಪು ಮಲವೆಂದು ನಾನು ಕಂಡದ್ದು ಜೀರ್ಣವಾದ ರಕ್ತ. ವಿಷದ ಗುರುತೆಂದು ಯಾವುದನ್ನು ಹಿಡಿದು ನೆರೆಯವರ ಗೇಟಿಗೆ ಹೋಗಿದ್ದೆನೋ ಅದು ಹುಳುವಿನ ಸಹಿ.

ಔಷಧಗಳ ಚರಿತ್ರೆಯಲ್ಲಿಯೂ ನಾಯಿಯೇ ಮುಂದೆ ನಡೆದಿದೆ. ಸೇಂಟ್ ಗೊಟಾರ್ಡ್ ಕಾಲದಲ್ಲಿ ಓಮಿನ ಸತ್ತ್ವವಾದ ಥೈಮಾಲನ್ನು ಕೊಡುತ್ತಿದ್ದರು. ನಮ್ಮ ಅಜ್ಜಿಯಂದಿರ ಓಮಿನ ಕಷಾಯದ ದೂರದ ಬಂಧು ಅದು. 1921ರಲ್ಲಿ ಅಮೆರಿಕದ ಪಶುವೈದ್ಯ ಮಾರಿಸ್ ಹಾಲ್ ನಾಯಿಗಳ ಮೇಲೆ ಪರೀಕ್ಷೆ ಮಾಡಿ, ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವ ಕೊಕ್ಕೆಹುಳುವನ್ನು ಕೀಳಬಲ್ಲದೆಂದು ಕಂಡುಕೊಂಡ. ಮನುಷ್ಯರಿಗೆ ಕೊಡುವ ಮೊದಲು ತಾನೇ ಕುಡಿದು ನೋಡಿದ. ಮುಂದೆ ಅದನ್ನು ಲಕ್ಷಾಂತರ ಜನರಿಗೆ ಕೊಟ್ಟರು. ಅದು ಯಕೃತ್ತಿಗೆ ಕೇಡೆಂದು ತಿಳಿದಾಗ, 1925ರಲ್ಲಿ ಅವನೇ ಸಂಗಡಿಗನೊಬ್ಬನೊಡನೆ ಅದಕ್ಕಿಂತ ಸೌಮ್ಯವಾದ ಟೆಟ್ರಾಕ್ಲೋರೋಎಥಿಲೀನನ್ನು ತಂದ. ತನ್ನ ಔಷಧದ ದೋಷವನ್ನು ತಾನೇ ತಿದ್ದುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಕವಿಗಳಲ್ಲಿಯೂ ಇಂಥವರು ಕಡಿಮೆ.

ಇನ್ನೊಂದು ಪ್ರಸಂಗ ನನಗೆ ಅತ್ಯಂತ ವಿಷಾದಕರವಾಗಿ ಕಂಡಿತು. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಥಾಮಸ್ ಮಿಲ್ಲರ್ 1960ರ ದಶಕದಲ್ಲಿ ಮರಿಹುಳುಗಳನ್ನು ಕ್ಷಕಿರಣಕ್ಕೆ ಒಡ್ಡಿ ಅವುಗಳ ಬಲವನ್ನು ಕುಗ್ಗಿಸಿ, ನಾಯಿಮರಿಗಳಿಗೆ ಲಸಿಕೆಯಾಗಿ ಕೊಟ್ಟು ಗೆದ್ದ. 1973ರಲ್ಲಿ ಆ ಲಸಿಕೆ ಅಮೆರಿಕದ ಪೇಟೆಗೆ ಬಂತು. 1975ರಲ್ಲಿ ಹಿಂದಕ್ಕೆ ಹೋಯಿತು. ಜೀವಂತ ಹುಳುಗಳ ಲಸಿಕೆ ಬಹಳ ದಿನ ಕೆಡದೆ ಇರುತ್ತಿರಲಿಲ್ಲ, ಖರ್ಚು ಹೆಚ್ಚು, ಮರಿಯನ್ನು ಕಾಯುತ್ತಿತ್ತಾದರೂ ಹುಳುವನ್ನು ಪೂರ್ತಿ ತಡೆಯುತ್ತಿರಲಿಲ್ಲ. ಅಷ್ಟರಲ್ಲಿ ಅಗ್ಗವಾದ, ಒಳ್ಳೆಯ ಮಾತ್ರೆಗಳು ಬಂದಿದ್ದವು. ಮಾತ್ರೆ ಇರುವಾಗ ಲಸಿಕೆ ಏಕೆ ಎಂದು ಜನ ಕೇಳಿದರು. ಈ ಪ್ರಶ್ನೆಗೆ ಈಗ ಉತ್ತರ ದೊರೆಯುತ್ತಿದೆ. ಅಮೆರಿಕದಲ್ಲಿ ಪಂದ್ಯಕ್ಕೆಂದು ಸಾಕುತ್ತಿದ್ದ ಗ್ರೇಹೌಂಡ್ ನಾಯಿಗಳಿಗೆ ವರ್ಷಾನುಗಟ್ಟಲೆ ಎಡೆಬಿಡದೆ ಹುಳುವಿನ ಔಷಧ ಕೊಟ್ಟರು. ಅದರ ಫಲವಾಗಿ, ಬಳಕೆಯಲ್ಲಿರುವ ಮೂರು ವರ್ಗದ ಔಷಧಗಳಿಗೂ ಬಗ್ಗದ ಕೊಕ್ಕೆಹುಳುಗಳು ಹುಟ್ಟಿಕೊಂಡಿರುವುದನ್ನು 2019ರಿಂದ ಈಚೆಗೆ ಅಲ್ಲಿಯ ವಿಜ್ಞಾನಿಗಳು ತೋರಿಸಿದ್ದಾರೆ.

ನಾಯಿಯ ಹುಳು ನಾಯಿಗೇ ಮೀಸಲೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಬರಿಗಾಲಿನಲ್ಲಿ ತೇವದ ಮರಳಿನ ಮೇಲೆ ಆಡುವ ಮಕ್ಕಳ ಚರ್ಮದಡಿಯಲ್ಲಿ ಹಾವಿನಂತೆ ಸುತ್ತುವ ಕೆಂಪುಗೆರೆಗಳಿಗೆ ನಾಯಿ ಬೆಕ್ಕುಗಳ ಒಂದು ಕೊಕ್ಕೆಹುಳು ಕಾರಣವೆಂದು 1926ರಲ್ಲಿ ಫ್ಲಾರಿಡಾದಲ್ಲಿ ತಿಳಿಯಿತು. ನಾಯಿಯ ಹುಳುವೇ ಮನುಷ್ಯರ ಕರುಳಿಗೂ ಇಳಿದು ಹೊಟ್ಟೆನೋವು ತರುವುದನ್ನು ಆಸ್ಟ್ರೇಲಿಯದ ಇಬ್ಬರು ವೈದ್ಯರು 1990ರಲ್ಲಿ ಪ್ರಕಟಿಸಿದರು. ನಾಯಿಮರಿಯ ದುಂಡುಹುಳು ಇನ್ನೂ ಮುಂದೆ ಹೋಗಿದೆ. ಅದು ಮರಿ ತಾಯಿಯ ಗರ್ಭದಲ್ಲಿರುವಾಗಲೇ ಬಂದು ಸೇರುತ್ತದೆ. ಅದರ ಮೊಟ್ಟೆಯಿದ್ದ ಮಣ್ಣು ಮಗುವಿನ ಬಾಯಿಗೆ ಹೋದರೆ ಕಣ್ಣಿಗೂ ಅಪಾಯ.

ಇಲ್ಲಿ ಐಸ್ಲೆಂಡಿನ ಮಾತನ್ನು ಹೇಳದಿದ್ದರೆ ಈ ಕಥೆ ಬರಿಯ ಭಯದ ಕಥೆಯಾಗುತ್ತದೆ. ಕುರಿಯ ಯಕೃತ್ತಿನಲ್ಲಿ ಬೆಳೆಯುವ ನೀರಿನ ಚೀಲವನ್ನು ನಾಯಿ ತಿಂದರೆ ಅದರ ಕರುಳಿನಲ್ಲಿ ಒಂದು ಪುಟ್ಟ ಲಾಡಿಹುಳು ಹುಟ್ಟುತ್ತದೆ. ಆ ಹುಳುವಿನ ಮೊಟ್ಟೆ ಮನುಷ್ಯನೊಳಗೆ ಹೋದರೆ ಅವನ ಯಕೃತ್ತಿನಲ್ಲಿಯೂ ಅಂಥದೇ ಚೀಲ ಬೆಳೆಯುತ್ತದೆ. ಚೀಲಕ್ಕೂ ನಾಯಿಯ ಲಾಡಿಹುಳುವಿಗೂ ಇರುವ ಈ ಸಂಬಂಧವನ್ನು ಜರ್ಮನಿಯ ಜ಼ೀಬೋಲ್ಡ್ 1850ರ ದಶಕದ ಆರಂಭದಲ್ಲಿ ನಾಯಿಗಳಿಗೆ ಚೀಲಗಳನ್ನು ತಿನ್ನಿಸಿ ಸಿದ್ಧಪಡಿಸಿದ. ಐಸ್ಲೆಂಡಿನಲ್ಲಿ ಈ ರೋಗ ಮನೆಮನೆಯಲ್ಲಿತ್ತು. 1863ರಲ್ಲಿ ಹಾರಾಲ್ಡ್ ಕ್ರಾಬ್ಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದ. ನೂರಕ್ಕೆ 28ರಲ್ಲಿ ಆ ಲಾಡಿಹುಳು ಇತ್ತು. ಅವನ ಕೈಯಲ್ಲಿ ಒಳ್ಳೆಯ ಔಷಧವಿರಲಿಲ್ಲ. ಅವನು ಒಂದು ಕಿರುಹೊತ್ತಗೆಯನ್ನು ಬರೆದ. ಕುರಿಯ ಚೀಲಗಳನ್ನು ನಾಯಿಗೆ ಎಸೆಯಬೇಡಿ, ಸುಟ್ಟುಹಾಕಿ ಅಥವಾ ಹೂಳಿ. ನಾಯಿಗಳಿಗೆ ಔಷಧ ಕೊಡಿ. ನಾಯಿ ನೆಕ್ಕಿದ ಪಾತ್ರೆಯಲ್ಲಿ ಉಣ್ಣಬೇಡಿ ಎಂಬ ಸರಳವಾದ ಮಾತುಗಳು. 1864ರಲ್ಲಿ ಅದನ್ನು ಮನೆಮನೆಗೂ ಹಂಚಿದರು. ಉದ್ದನೆಯ ಚಳಿಗಾಲದ ರಾತ್ರಿಗಳಲ್ಲಿ ಪುರಾತನ ಕಥೆಗಳನ್ನು ಗಟ್ಟಿಯಾಗಿ ಓದಿಕೊಳ್ಳುವ ರೂಢಿಯಿದ್ದ ಜನ ಅವರು; ಓದು ಅವರಿಗೆ ಹೊಸದಲ್ಲ. ಕಾನೂನುಗಳು ಹಿಂದಿನಿಂದ ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಆ ರೋಗ ಐಸ್ಲೆಂಡಿನಿಂದ ಮಾಯವಾಯಿತು. ಸಾಹಿತ್ಯದಿಂದ ಪ್ರಯೋಜನವೇನು ಎಂದು ಪ್ರತಿವರ್ಷವೂ ತರಗತಿಯಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಿದ್ದ. ನಾನು ಕಾವ್ಯಮೀಮಾಂಸೆಯಿಂದ ಉತ್ತರ ಕೊಡುತ್ತಿದ್ದೆ. ಈಗ ಕೇಳಿದರೆ ಕ್ರಾಬ್ಬೆಯ ಕಿರುಹೊತ್ತಗೆಯನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ನಾಡಿನಲ್ಲಿ ನಾಯಿಗೆ ಮರ್ಯಾದೆ ಇಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನ ಕಾಳಿ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ಗಂಗರ ಬೂತುಗನಿಂದ ಮಣಲೇರನು ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಶಾಸನವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಅದೇ ನಾನು ನನ್ನ ಹಿತ್ತಲಿನ ಮರಿಗಳ ತುಟಿಯನ್ನು ಎತ್ತಿ ನೋಡಲಿಲ್ಲ. ನೋಡಿದ್ದರೆ ಉತ್ತರ ಅಲ್ಲಿಯೇ ಬಿಳುಪಾಗಿ ಕಾಣುತ್ತಿತ್ತು.

ಪಕ್ಕದ ಮನೆಯವರು ಶಿವಮೊಗ್ಗದಿಂದ ಮರಳಿದ ಸಂಜೆಯೇ ಅವರ ಗೇಟಿಗೆ ಮತ್ತೆ ಹೋದೆ. ವೈದ್ಯೆ ಹೇಳಿದ್ದೆಲ್ಲವನ್ನೂ ಹೇಳಿ, ತಪ್ಪಾಯಿತೆಂದೆ. ಅವರು ಒಳಗೆ ಕರೆದು ಕಾಫಿ ಕೊಟ್ಟರು. "ಮರಿಗಳಿಗೆ ಕಾರಣ ಸಿಕ್ಕಿತಲ್ಲ, ಅಷ್ಟು ಸಾಕು ಬಿಡಿ" ಎಂದರು. ಹಳೆಯ ಸಲುಗೆ ಪೂರ್ತಿ ಮರಳಿತೆಂದು ಹೇಳಲಾರೆ. ಆಡಿದ ಮಾತೂ ಒಂದು ಬಗೆಯ ಹುಳುವೇ, ಮಾಂಸದಲ್ಲಿ ಮಲಗಿರುತ್ತದೆ.

ಆ ವರ್ಷದ ಅಕ್ಟೋಬರಿನಲ್ಲಿ ಕೆಂಪಿ ಐದು ಮರಿ ಹಾಕಿತು. ಈ ಸಲ ಮೂರನೆಯ ವಾರಕ್ಕೆ ಕಾಯಲಿಲ್ಲ. ವೈದ್ಯೆ ಹೇಳಿದಂತೆ ಎರಡನೆಯ ವಾರಕ್ಕೇ ತೂಕ ನೋಡಿ ಮರಿಗಳಿಗೂ ತಾಯಿಗೂ ಔಷಧ ಕೊಡಿಸಿದೆ. ನಾಲ್ಕು, ಆರು, ಎಂಟನೆಯ ವಾರಗಳಲ್ಲಿ ಮತ್ತೆ ಕೊಡಿಸಿದೆ. ಶೆಡ್ಡಿನ ಮಲವನ್ನು ದಿನವೂ ನಾನೇ ಗೋರಿ ತೆಗೆದೆ. ಒಂದು ಮರಿ ಉಳಿಯಲಿಲ್ಲ, ನಾಲ್ಕು ಉಳಿದವು. ಆಮೇಲೆ ಕೆಂಪಿಗೆ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿದ್ದಾಯಿತು.

ಕೇಳುಗರಲ್ಲಿ ನಾಯಿ ಸಾಕಿದವರಿದ್ದರೆ, ಬೀದಿನಾಯಿಗೆ ಒಂದು ತುತ್ತು ಹಾಕುವವರಿದ್ದರೆ, ಅವರಲ್ಲಿ ನನ್ನದೊಂದು ಬಿನ್ನಹ. ಮರಿ ಸೊರಗಿದರೆ ಮೊದಲು ಅದರ ತುಟಿಯನ್ನು ಎತ್ತಿ ವಸಡನ್ನು ನೋಡಿ. ಬಿಳಿಚಿದ್ದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ. ನೆರೆಯವರ ಗೇಟಿನ ಕಡೆಗೆ ಹೋಗಬೇಡಿ.

(ಬಾನುಲಿ ಭಾಷಣ)